ಗಂಗರ ತಾಮ್ರಪಟಗಳು: ಆರೋಪವೂ ವಿಚಾರಣೆಯೂ

1901ನೆಯ ಇಸವಿಯಲ್ಲಿ ಎರಡು ಬರಹಗಳು ಅಚ್ಚಾಗಿ ಹೊರಬಂದುವು. ಮೊದಲನೆಯದು ಮೈಸೂರು ಸಂಸ್ಥಾನದ ಪ್ರಾಕ್ತನ ಇಲಾಖೆಯ ನಿರ್ದೇಶಕರಾಗಿದ್ದ ಬಿ. ಎಲ್. ರೈಸರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಮಾಲೆಯ ಆರನೆಯ ಸಂಪುಟ, ಎಂದರೆ ನಮ್ಮ ಕಡೂರು ಜಿಲ್ಲೆಯ ಶಾಸನ ಸಂಪುಟ. ಎರಡನೆಯದು ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಜೆ. ಎಫ್. ಫ್ಲೀಟರು ಬರೆದ ಲೇಖನ. ಭಾರತದಲ್ಲಿ ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ಕೃತ್ರಿಮವಾದುವು ಯಾವುವೆಂದು ಅವರು ಅದರಲ್ಲಿ ಪಟ್ಟಿ ಮಾಡಿದ್ದರು. ಐವತ್ತಕ್ಕೂ ಮೇಲ್ಪಟ್ಟ ಶಾಸನಗಳ ಆ ಪಟ್ಟಿಯಲ್ಲಿ ತಲಕಾಡಿನ ಗಂಗರ ತಾಮ್ರಪಟಗಳಿಗೆ ದೊಡ್ಡ ಪಾಲು ದೊರೆತಿತ್ತು. ರೈಸರು ಗಂಗರ ಚರಿತ್ರೆಯ ಕಟ್ಟಡವನ್ನು ಎಬ್ಬಿಸಿದ್ದುದು ಅಂಥ ತಾಮ್ರಪಟಗಳ ತಳಹದಿಯ ಮೇಲೆಯೇ.

ಪ್ರಬಂಧವನ್ನು ಕದ್ದರು, ಅಂಕಿ ಅಂಶಗಳನ್ನು ಕಟ್ಟಿದರು, ಚಿತ್ರಗಳನ್ನು ತಿದ್ದಿದರು ಎಂಬ ಸುದ್ದಿಗಳು ಈಗ ವೃತ್ತಪತ್ರಿಕೆಗಳಲ್ಲಿ ಅಪರೂಪವಲ್ಲ. ಸುದ್ದಿಯ ಕೊನೆಗೆ ‘ವಿಚಾರಣೆಗೆ ಸಮಿತಿ ನೇಮಿಸಲಾಗಿದೆ’ ಎಂಬ ಒಂದು ವಾಕ್ಯವಿರುತ್ತದೆ. ಆ ಸಮಿತಿ ಏನು ಹೇಳಿತೆಂಬ ಸುದ್ದಿ ಮಾತ್ರ ಬಹುಮಟ್ಟಿಗೆ ಬರುವುದೇ ಇಲ್ಲ. ‘ನಿಮ್ಮ ಆಧಾರ ಸುಳ್ಳು’ ಎಂದು ಒಬ್ಬರು ಬಂದು ಹೇಳಿದಾಗ ವಿದ್ಯೆಯ ಸಂಸ್ಥೆಗಳು ಎಲ್ಲಿ ಎಡವುತ್ತವೆ ಎಂಬುದನ್ನು ತಿಳಿಯಲು ಹೊಸ ಪ್ರಸಂಗಗಳಿಗಿಂತ ಈ ಹಳೆಯ ಪ್ರಸಂಗವೇ ಹೆಚ್ಚು ಸಹಾಯಕವೆಂದು ನನಗೆ ತೋರಿದೆ. ಇದರಲ್ಲಿ ಕಳ್ಳರಿರಲಿಲ್ಲ, ಇದ್ದವರಿಬ್ಬರೂ ಮಹಾ ವಿದ್ವಾಂಸರು. ಕಳ್ಳತನವೇ ಇಲ್ಲದ ಕಡೆಯಲ್ಲೂ ವಿಚಾರಣೆ ಹೇಗೆ ಕೆಡಬಲ್ಲುದೆಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಕಡೂರು ಸಂಪುಟವನ್ನು ನೋಡದವರಿಗಾಗಿ ಅದರ ವಿಚಾರವನ್ನು ಕೊಂಚ ಹೇಳಬೇಕು. ಆಗ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರು; 1947ರವರೆಗೂ ಆ ಹೆಸರು ಉಳಿದಿತ್ತು. ಅಜ್ಜಂಪುರ ಈಗ ತಾನೇ ಒಂದು ತಾಲ್ಲೂಕಾಗಿದೆಯಾದರೂ ಅಂದು ತರೀಕೆರೆಗೆ ಸೇರಿತ್ತು. ಈ ಮೂರು ಊರುಗಳ ಸೀಮೆಯಲ್ಲಿ ರೈಸರೂ ಅವರ ಪಂಡಿತರೂ ಕಂಡು ಓದಿದ ಕಲ್ಲುಗಳು ಒಂದೊಂದೂ ಒಂದೊಂದು ಕತೆ. ಕಡೂರಿನ ಒಂದು ಶಿಲಾಶಾಸನದಲ್ಲಿ ಪಾಂಬಬ್ಬೆಯ ಹೆಸರಿದೆ. ಈಕೆ ಗಂಗದೊರೆ ಬೂತುಗನ ಸೋದರಿ. ಕೇಶಲೋಚ ಮಾಡಿಕೊಂಡು ಮೂವತ್ತು ವರ್ಷ ತಪಸ್ಸು ನಡೆಸಿ 971ರಲ್ಲಿ ದೇಹವನ್ನು ಬಿಟ್ಟಳು. ತರೀಕೆರೆಯ ಬಳಿಯ ಅಮೃತಾಪುರದಲ್ಲಿ ಇಮ್ಮಡಿ ಬಲ್ಲಾಳನ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ದೇವಾಲಯದ ಶಾಸನವನ್ನು ರಚಿಸಿದವನು ಜನ್ನ. ‘ಯಶೋಧರಚರಿತೆ’ಯ ಕವಿ ಕಲ್ಲಿನ ಮೇಲೂ ಕವಿಯೇ ಎಂಬುದನ್ನು ನೋಡಬೇಕಾದರೆ ಅಲ್ಲಿಗೆ ಹೋಗಬೇಕು. ಅಜ್ಜಂಪುರದ ಕಡೆಯ ಆಸಂದಿಯಲ್ಲಿ, ಹೊಯ್ಸಳರ ಕಾಲದವರೆಗೂ ತಾವು ಗಂಗವಂಶದವರೆಂದು ಹೇಳಿಕೊಂಡ ಸಾಮಂತರಿದ್ದರು. ಇವೆಲ್ಲ ಕಲ್ಲುಗಳು. ಇವುಗಳ ಜೊತೆಗೆ ಬೀರೂರಿನಿಂದ ಬಂದ, ಕದಂಬ ವಿಷ್ಣುವರ್ಮನ ತಾಮ್ರಪಟಗಳಂಥವೂ ಸಂಪುಟದಲ್ಲಿ ಇವೆ.

ಕಲ್ಲಿಗೂ ತಾಮ್ರಕ್ಕೂ ಇರುವ ಭೇದ ಬರಿಯ ಲೋಹದ ಭೇದವಲ್ಲ. ಕಲ್ಲು ಊರ ಮುಂದೆ, ಕೆರೆಯ ಏರಿಯ ಮೇಲೆ, ಗುಡಿಯ ಬಾಗಿಲಲ್ಲಿ ಎಲ್ಲರ ಕಣ್ಣೆದುರು ನಿಂತಿರುತ್ತದೆ. ತಾಮ್ರದ ತಗಡು ದಾನ ಪಡೆದವನ ಮನೆಯ ಪೆಟ್ಟಿಗೆಯಲ್ಲಿರುತ್ತದೆ. ಭೂಮಿಯ ವ್ಯಾಜ್ಯ ಬಂದಾಗ ಮಾತ್ರ ಹೊರಬರುತ್ತದೆ. ಮೂಲ ತಗಡು ಬೆಂಕಿಯಲ್ಲೋ ಕಳ್ಳತನದಲ್ಲೋ ಹೋದಾಗ ನೆನಪಿನಿಂದ ಇನ್ನೊಂದನ್ನು ಕೆತ್ತಿಸಿಕೊಂಡವರುಂಟು. ಇಲ್ಲದ ಹಕ್ಕನ್ನು ಹುಟ್ಟಿಸಿಕೊಳ್ಳಲು ಕೆತ್ತಿಸಿದವರೂ ಉಂಟು. ನಮ್ಮ ಪೂರ್ವಿಕರು ಇದನ್ನು ಅರಿಯದವರಲ್ಲ. ಕೂಟಶಾಸನ ಎಂಬ ಮಾತೇ ಇದೆ. ಅದನ್ನು ಮಾಡಿದವನಿಗೆ ಮನುಸ್ಮೃತಿ ಮರಣದಂಡನೆಯನ್ನು ಹೇಳುತ್ತದೆ. ಹರ್ಷವರ್ಧನನ ಮಧುಬನ ತಾಮ್ರಶಾಸನ, ಕ್ರಿ.ಶ. 631ರ ಸುಮಾರಿನದು, ಈ ವಿಷಯದಲ್ಲಿ ಬಹು ಸ್ವಾರಸ್ಯವಾದುದು. ಒಬ್ಬಾತ ಕೂಟಶಾಸನದ ಬಲದಿಂದ ಒಂದು ಗ್ರಾಮವನ್ನು ಅನುಭವಿಸುತ್ತಿದ್ದ. ಅರಸ ಆ ತಗಡನ್ನು ಮುರಿಸಿ ಗ್ರಾಮವನ್ನು ಬೇರೆಯವರಿಗೆ ಕೊಟ್ಟ. ಇಷ್ಟೇ ಆಗಿದ್ದರೆ ಅದು ಅರಸರು ಮಾಡುವ ಕೆಲಸವೇ. ವಿಶೇಷವೆಂದರೆ, ಹಿಂದೆ ಅನುಭವಿಸುತ್ತಿದ್ದವನ ಹೆಸರು, ಅವನಲ್ಲಿದ್ದುದು ಕೂಟಶಾಸನವೆಂಬ ಕಾರಣ, ಅದನ್ನು ಮುರಿದ ಸಂಗತಿ, ಈ ಮೂರನ್ನೂ ಹೊಸ ಶಾಸನದಲ್ಲಿಯೇ ಬರೆಯಿಸಿದ್ದಾನೆ. ತೀರ್ಪು ಎಲ್ಲಿ ಸಲ್ಲಬೇಕೋ ಅಲ್ಲಿಯೇ ಉಳಿಯಿತು.

ಇನ್ನು ಫ್ಲೀಟರ ಆರೋಪ. ಇವರು ಮುಂಬಯಿ ಪ್ರಾಂತದ ಅಧಿಕಾರಿಗಳು. ಭಾರತ ಸರ್ಕಾರದ ಮೊತ್ತಮೊದಲ ಶಾಸನತಜ್ಞರು. ಗುಪ್ತರ ಶಾಸನಗಳ ಸಂಪುಟದಿಂದ ಕೀರ್ತಿವಂತರಾದವರು. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ ಅಚ್ಚುಮಾಡಿಸಿದವರೂ ಇವರೇ. ಆದ್ದರಿಂದ ಕನ್ನಡಕ್ಕೆ ಇವರು ಹಗೆಯೆಂದು ಭಾವಿಸುವುದು ಅನ್ಯಾಯ. ‘ಎಪಿಗ್ರಾಫಿಯ ಇಂಡಿಕ’ದ ಮೂರನೆಯ ಸಂಪುಟದಲ್ಲಿ ಬೂತುಗನ ಸೂಡಿ ತಾಮ್ರಪಟವನ್ನು ಪ್ರಕಟಿಸುವಾಗಲೇ ಅವರು ಅದನ್ನು ಕೃತ್ರಿಮವೆಂದು ಕರೆದು, ಗಂಗರ ಇತರ ತಗಡುಗಳನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದ್ದರು. ಗಂಗರ ಕಲ್ಲಿನ ಶಾಸನಗಳನ್ನು ಅವರು ಒಪ್ಪುತ್ತಿದ್ದರು. ತಾಮ್ರಪಟಗಳು ಹೇಳುವ ಎಂಟನೆಯ ಶತಮಾನಕ್ಕೆ ಹಿಂದಣ ವಂಶಾವಳಿಯನ್ನು ಕಟ್ಟುಕತೆಯೆನ್ನುತ್ತಿದ್ದರು.

ಅವರ ವಾದದ ಬಲವನ್ನು ತಿಳಿಯಲು ಮಡಿಕೇರಿಯ ತಾಮ್ರಪಟವೊಂದು ಸಾಕು. ಮಡಿಕೇರಿಯ ಖಜಾನೆಯಲ್ಲಿದ್ದ ಈ ತಗಡುಗಳನ್ನು ರೈಸರು 1872ರಲ್ಲಿ ಪ್ರಕಟಿಸಿದರು. ಗಂಗದೊರೆ ಅವಿನೀತನ ಹೆಸರಿನ ಈ ಶಾಸನದ ಕಾಲ 388ನೆಯ ವರ್ಷ. ಅದನ್ನು ಶಕವರ್ಷವೆಂದು ಹಿಡಿದರೆ ಕ್ರಿ.ಶ. 466. ಆದರೆ ಲಿಪಿಯನ್ನು ನೋಡಿದರೆ ಒಂಬತ್ತು ಹತ್ತನೆಯ ಶತಮಾನಗಳ ಬರವಣಿಗೆ. ದಾನದಲ್ಲಿ ಅಕಾಲವರ್ಷ ಪೃಥುವೀವಲ್ಲಭನ ಮಂತ್ರಿಯೊಬ್ಬನ ಪ್ರಸ್ತಾಪವಿದೆ; ಅಕಾಲವರ್ಷವೆಂಬುದು ರಾಷ್ಟ್ರಕೂಟ ಕೃಷ್ಣರ ಬಿರುದು. ಐದನೆಯ ಶತಮಾನದ ದಾನಕ್ಕೆ ನಾಲ್ಕು ನೂರು ವರ್ಷ ಮುಂದಿನವನ ಮಂತ್ರಿ ಹೇಗೆ ಬಂದಾನು? ಇನ್ನೂ ಒಂದು ಚೋದ್ಯವಿತ್ತು. ಶತಮಾನಗಳ ಅಂತರವುಳ್ಳ ಗಂಗರ ತಗಡುಗಳನ್ನು ಕೆತ್ತಿದವನ ಹೆಸರು ವಿಶ್ವಕರ್ಮಾಚಾರ್ಯನೆಂದೇ ಇತ್ತು. ಇಷ್ಟು ದೀರ್ಘಾಯುವಾದ ಅಕ್ಕಸಾಲೆ ಲೋಕದಲ್ಲಿ ಎಲ್ಲಿಯೂ ಇಲ್ಲವೆಂಬುದು ಫ್ಲೀಟರ ವ್ಯಂಗ್ಯದ ತಿರುಳು. ಅದು ವ್ಯಕ್ತಿಯ ಹೆಸರಲ್ಲ, ಕಸುಬಿನವರೆಲ್ಲರಿಗೂ ಸಲ್ಲುವ ಕುಲದ ಹೆಸರೆಂಬುದು ಮೈಸೂರಿನ ಕಡೆಯ ಉತ್ತರ. ಈ ನೆಲದಲ್ಲಿ ಬೆಳೆದವರಿಗೆ ಆ ಉತ್ತರ ಸರಿಯೆಂದು ಕೂಡಲೇ ಹೊಳೆಯುತ್ತದೆ. ಆದರೆ ಅದು ಅಕಾಲವರ್ಷನ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಆರೋಪಿಸುವವರು ಹೇಗಿರಬೇಕೆಂಬುದಕ್ಕೆ ಫ್ಲೀಟರು ಇಲ್ಲಿಯವರೆಗೆ ಮಾದರಿಯೇ. ಲಿಪಿ, ತಿಥಿವಾರ, ವಂಶಕ್ರಮ, ಭಾಷೆಯ ಅಪಭ್ರಂಶ, ಇವೆಲ್ಲ ಯಾರು ಬೇಕಾದರೂ ಮತ್ತೆ ಒರೆಹಚ್ಚಿ ನೋಡಬಹುದಾದ ಪ್ರಮಾಣಗಳು. ರೈಸರು ತಾವೇ ತಗಡುಗಳನ್ನು ಮಾಡಿಸಿದರೆಂದು ಅವರು ಎಲ್ಲಿಯೂ ಸೂಚಿಸಲಿಲ್ಲ. ರೈಸರೂ ಎಲ್ಲವನ್ನೂ ನಂಬುವ ಹುಂಬರಲ್ಲ. ಶಿಕಾರಿಪುರದ ಕಡೆಯ ಗೌಜ ಅಗ್ರಹಾರದಲ್ಲಿ ಸಾಕ್ಷಾತ್ ಜನಮೇಜಯ ಚಕ್ರವರ್ತಿ ಸರ್ಪಯಾಗದ ಸಂದರ್ಭದಲ್ಲಿ ಕೊಟ್ಟನೆಂಬ ತಾಮ್ರಪಟವಿತ್ತು. ಅದರಲ್ಲಿ ಹೇಳಿದ ಸೂರ್ಯಗ್ರಹಣವನ್ನು ಇಂಗ್ಲೆಂಡಿನ ರಾಜಜ್ಯೋತಿರ್ವಿದ ಏರಿ ಗಣಿಸಿ 1521ನೆಯ ಇಸವಿಗೆ ತಂದು ನಿಲ್ಲಿಸಿದ್ದರು! ಆ ತಗಡು ದ್ವಾಪರ ಕಲಿಯುಗಗಳ ಸಂಧಿಯದಲ್ಲವೆಂಬುದರಲ್ಲಿ ರೈಸರಿಗೂ ಸಂದೇಹವಿರಲಿಲ್ಲ. (ಚಿಕ್ಕಮಗಳೂರಿನ ಹಿರೇಮಗಳೂರಿನಲ್ಲಿ ಸರ್ಪಯಾಗ ನಡೆದ ಜಾಗವನ್ನು ಇಂದಿಗೂ ತೋರಿಸುತ್ತಾರೆ, ಜನಮೇಜಯನಿಗೂ ನಮ್ಮ ಸೀಮೆಗೂ ಅಂಥ ನಂಟು.)

ಹಾಗಾದರೆ ಕೆಟ್ಟುದು ಎಲ್ಲಿ? ರೈಸರ ಇಲಾಖೆಯೆಂದರೆ ರೈಸರೇ. ಶಾಸನವನ್ನು ಹುಡುಕಿಸುವವರು, ಓದಿಸುವವರು, ಅನುವಾದಿಸುವವರು, ಸರ್ಕಾರದ ಖರ್ಚಿನಲ್ಲಿ ಅಚ್ಚುಮಾಡಿಸುವವರು, ಅದರಿಂದ ಚರಿತ್ರೆ ಬರೆಯುವವರು, ಕಡೆಗೆ ಆ ಶಾಸನದ ಮೇಲೆ ದೂರು ಬಂದರೆ ತೀರ್ಪು ಹೇಳುವವರು, ಎಲ್ಲರೂ ಒಬ್ಬರೇ. ಅವರ ಉತ್ತರಗಳು ಅವರದೇ ಸಂಪುಟಗಳ ಪೀಠಿಕೆಗಳಲ್ಲಿ ಬಂದುವು. ಅತ್ತ ‘ಇಂಡಿಯನ್ ಆಂಟಿಕ್ವೆರಿ’ಯ ಸಂಪಾದಕತ್ವ ಕೆಲವು ಕಾಲ ಫ್ಲೀಟರ ಕೈಯಲ್ಲಿಯೇ ಇತ್ತು. ಇಬ್ಬರಿಗೂ ತಮ್ಮ ತಮ್ಮ ಅಂಗಳವಿತ್ತು. ಇಬ್ಬರೂ ಬಂದು ನಿಲ್ಲಬೇಕಾದ ಮೂರನೆಯ ಅಂಗಳವಿರಲಿಲ್ಲ. ಇಬ್ಬರೂ ಒಪ್ಪುವ ಒಬ್ಬರೆದುರಿಗೆ ತಗಡುಗಳನ್ನು ಇಟ್ಟು, ಒಂದೊಂದನ್ನೇ ಎತ್ತಿಕೊಂಡು, ಇದು ಸಾಚಾ, ಇದು ಸುಳ್ಳು, ಇದು ಹಳೆಯದರ ನಕಲು ಎಂದು ವಿಂಗಡಿಸುವ ಏರ್ಪಾಡು ನಡೆಯಲಿಲ್ಲ. ತಗಡುಗಳಲ್ಲಿ ಎಷ್ಟೋ ಖಾಸಗಿ ಮನೆಗಳಿಂದ ಎರವಲು ತಂದುವು. ಓದಿದ ಮೇಲೆ ಒಡೆಯರಿಗೆ ಹಿಂದಿರುಗುವಂಥವು. ಮುಂದೆ ಪರೀಕ್ಷಿಸಬೇಕೆನ್ನುವವನಿಗೆ ಅಚ್ಚಿನ ಪ್ರತಿಯೇ ಗತಿ.

ಎರಡನೆಯ ಕೆಡುಕು ಫ್ಲೀಟರ ಕಡೆಯಿಂದ. ಮಡಿಕೇರಿಯ ತಗಡಿನ ವಿಷಯದಲ್ಲಿ ನಿಲ್ಲುವ ವಾದವನ್ನು ಅವರು ಇಡೀ ಗುಂಪಿನ ಮೇಲೆ ಹೊದಿಸಿದರು. ಒಂದು ಮನೆತನದ ತಾಮ್ರಪಟಗಳು ಒಟ್ಟಿಗೆ ಕಟಕಟೆ ಹತ್ತಿದುವು. ಗುಂಪನ್ನು ಅಪರಾಧಿಯೆಂದಾಗ ಉತ್ತರ ಕೊಡುವವನೂ ಗುಂಪನ್ನೇ ಕಾಯಲು ನಿಲ್ಲುತ್ತಾನೆ. ಮಡಿಕೇರಿಯ ತಗಡನ್ನು ಬಿಟ್ಟುಕೊಟ್ಟರೆ ಉಳಿದುವೂ ಬಿದ್ದುಹೋದಾವೆಂಬ ಭಯ ಹುಟ್ಟುತ್ತದೆ. ಅಲ್ಲಿಂದ ಮುಂದೆ ಪ್ರಶ್ನೆ ತಗಡಿನದಲ್ಲ, ಸಂಸ್ಥಾನದ ಮಾನದ್ದು, ಇಲಾಖೆಯ ಮರ್ಯಾದೆಯದು. 1909ರಲ್ಲಿ ರೈಸರು ತಮ್ಮ ಜೀವಮಾನದ ಕೆಲಸವನ್ನು ಒಟ್ಟುಗೂಡಿಸಿ ಬರೆದ ಮೈಸೂರು ಮತ್ತು ಕೊಡಗಿನ ಚರಿತ್ರೆಯಲ್ಲಿಯೂ ಗಂಗರ ವಂಶಾವಳಿಗೆ ತಾಮ್ರಪಟಗಳೇ ಆಧಾರವಾಗಿ ಉಳಿದುವು. ಒಬ್ಬರು ಎಲ್ಲವನ್ನೂ ತಳ್ಳಿದರು, ಇನ್ನೊಬ್ಬರು ಎಲ್ಲವನ್ನೂ ಎತ್ತಿಹಿಡಿದರು. ನಡುವೆ ಇದ್ದ ಸಾಚಾ ತಗಡುಗಳ ಪರವಾಗಿ ಮಾತನಾಡುವವರಿಲ್ಲವಾಯಿತು.

ಇದರಿಂದ ನಷ್ಟವೇನೆಂದು ಸಾಹಿತ್ಯದ ಓದುಗರು ಕೇಳಬಹುದು. ನಷ್ಟ ನಮ್ಮದೇ. ‘ಕವಿರಾಜಮಾರ್ಗ’ ತನಗೆ ಹಿಂದಿನ ಕನ್ನಡ ಗದ್ಯಕಾರರನ್ನು ನೆನೆಯುವಾಗ ದುರ್ವಿನೀತನ ಹೆಸರನ್ನು ಹೇಳುತ್ತದೆ. ಆ ಗದ್ಯದ ಒಂದು ಸಾಲೂ ನಮಗೆ ಉಳಿದಿಲ್ಲ. ಈತ ಯಾರೆಂದು ತಿಳಿಯಲು ಇರುವ ದಾರಿ ಗಂಗರ ತಾಮ್ರಪಟಗಳು. ಗಂಗದೊರೆ ದುರ್ವಿನೀತ ಶಬ್ದಾವತಾರವನ್ನು ರಚಿಸಿದನೆಂದೂ, ವಡ್ಡಕಥೆಯನ್ನು ಸಂಸ್ಕೃತಕ್ಕೆ ತಂದನೆಂದೂ, ಭಾರವಿಯ ಕಾವ್ಯದ ಹದಿನೈದನೆಯ ಸರ್ಗಕ್ಕೆ ಟೀಕೆ ಬರೆದನೆಂದೂ ಅವು ಹೇಳುತ್ತವೆ. ಆ ತಗಡುಗಳೆಲ್ಲ ಕೃತ್ರಿಮವೆಂದಾದರೆ ನಮ್ಮ ಮೊದಲ ಗದ್ಯಕಾರರಲ್ಲಿ ಒಬ್ಬನು ಬರಿಯ ಹೆಸರಾಗಿ ಉಳಿಯುತ್ತಾನೆ. ರೈಸರ ಬಳಿಕ ಇಲಾಖೆಯನ್ನು ವಹಿಸಿಕೊಂಡವರು ‘ಕರ್ಣಾಟಕ ಕವಿಚರಿತೆ’ಯ ಆರ್. ನರಸಿಂಹಾಚಾರ್ಯರು. ಅವರಿಗೆ ಇದರ ತೂಕ ತಿಳಿದಿತ್ತು. ಕೋಲಾರ ಸೀಮೆಯ ಗುಮ್ಮರೆಡ್ಡಿಪುರದಲ್ಲಿ ದೊರೆತ, ದುರ್ವಿನೀತನ ನಲವತ್ತನೆಯ ಆಳ್ವಿಕೆಯ ವರ್ಷದ ತಾಮ್ರಪಟವನ್ನು 1912ರ ವಾರ್ಷಿಕ ವರದಿಯಲ್ಲಿ ಪ್ರಕಟಿಸಿದರು. ಜಗಳಕ್ಕೆ ಉತ್ತರ ಹೇಳುವುದಕ್ಕಿಂತ ಹೊಸ ಆಧಾರವನ್ನು ಎಲ್ಲರ ಮುಂದೆ ಇಡುವುದು ಅವರ ರೀತಿ.

ಕಡೆಗೆ ಬಾಗಿಲು ತೆರೆದುದು ಎರಡು ಕಡೆಯಿಂದ. ಲೋಕವಿಭಾಗವೆಂಬ ಜೈನಗ್ರಂಥದಲ್ಲಿ ಕಂಚಿಯ ಸಿಂಹವರ್ಮನ ಇಪ್ಪತ್ತೆರಡನೆಯ ವರ್ಷ ಶಕ 380ಕ್ಕೆ, ಎಂದರೆ ಕ್ರಿ.ಶ. 458ಕ್ಕೆ ಸರಿಯಾಗುತ್ತದೆಂಬ ಮಾತಿದೆ. ನರಸಿಂಹಾಚಾರ್ಯರ ವರದಿಯಿಂದ ಈ ಸಂಗತಿ ವಿದ್ವಾಂಸರ ಗಮನಕ್ಕೆ ಬಂದಿತು. ಅತ್ತ ಪೆನುಗೊಂಡೆಯಲ್ಲಿ ಗಂಗರ ಇನ್ನೊಂದು ತಾಮ್ರಪಟ ಸಿಕ್ಕಿತು. ಅದರಲ್ಲಿ ಒಬ್ಬ ಗಂಗದೊರೆಗೆ ಪಲ್ಲವ ಸಿಂಹವರ್ಮನೂ ಅವನ ಮಗನಿಗೆ ಪಲ್ಲವ ಸ್ಕಂದವರ್ಮನೂ ಪಟ್ಟ ಕಟ್ಟಿದರೆಂದು ಹೇಳಿದೆ. ಎರಡನ್ನೂ ಜೋಡಿಸಿದರೆ ಗಂಗರು ಐದನೆಯ ಶತಮಾನದಲ್ಲಿ ನಿಜವಾಗಿಯೂ ಇದ್ದರೆಂಬುದು ಖಚಿತವಾಯಿತು. ಹೀಗೆಂದು 1915ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದವರು ಯಾರು? ಸ್ವತಃ ಫ್ಲೀಟರು. ಆಗ ಅವರು ಆ ಸಂಸ್ಥೆಯ ಗೌರವ ಕಾರ್ಯದರ್ಶಿಗಳು. ಎರಡು ವರ್ಷದಲ್ಲಿ, 1917ರಲ್ಲಿ, ತೀರಿಕೊಂಡರು. ತಾವೇ ಹೂಡಿದ ಮೊಕದ್ದಮೆಯಲ್ಲಿ ಎದುರುಪಕ್ಷಕ್ಕೆ ಅನುಕೂಲವಾದ ಸಾಕ್ಷ್ಯವನ್ನು ತಾವೇ ಹಾಜರುಪಡಿಸಿದ ಈ ವೃದ್ಧರಿಗೆ ನಾನು ತಲೆಬಾಗುತ್ತೇನೆ. ಆದರೆ ಸಂಸ್ಥೆಗಳ ದೃಷ್ಟಿಯಿಂದ ಇದನ್ನು ನೋಡಿದರೆ ಸಮಾಧಾನವಾಗದು. ಇಪ್ಪತ್ತು ವರ್ಷಗಳ ವಿವಾದ ಇತ್ಯರ್ಥದ ಕಡೆಗೆ ತಿರುಗಿದ್ದು ಒಬ್ಬ ಮನುಷ್ಯನ ಪ್ರಾಮಾಣಿಕತೆಯಿಂದಲೂ ಒಂದು ತಗಡಿನ ಆಕಸ್ಮಿಕ ಶೋಧದಿಂದಲೂ. ಆ ತಗಡು ಸಿಕ್ಕದೆ ಹೋಗಿದ್ದರೆ?

ಅಂಥ ಪ್ರಾಮಾಣಿಕತೆ ಇಲ್ಲದ ಕಡೆ ಏನಾಗುತ್ತದೆಂಬುದನ್ನು ಚಂಡೀಗಢದ ಪಂಜಾಬ್ ವಿಶ್ವವಿದ್ಯಾನಿಲಯದ ಪ್ರಸಂಗ ತೋರಿಸಿತು. ಭೂವಿಜ್ಞಾನದ ಪ್ರಾಧ್ಯಾಪಕ ವಿ. ಜೆ. ಗುಪ್ತರು ಹಿಮಾಲಯದಲ್ಲಿ ದೊರೆತುವೆಂದು ವರ್ಣಿಸಿದ ಪಳೆಯುಳಿಕೆಗಳು ಮೊರಾಕ್ಕೋದಂಥ ದೂರದ ಜಾಗಗಳವೆಂದು ಆಸ್ಟ್ರೇಲಿಯದ ಜಾನ್ ಟ್ಯಾಲೆಂಟ್ 1987ರಲ್ಲಿ ಕೆನಡದ ಒಂದು ಸಮ್ಮೇಳನದಲ್ಲಿಯೂ 1989ರಲ್ಲಿ ‘ನೇಚರ್’ ಪತ್ರಿಕೆಯಲ್ಲಿಯೂ ಸಾರಿದರು. ಇಪ್ಪತ್ತೈದು ವರ್ಷಗಳ ನೂರಾರು ಲೇಖನಗಳು, ನೂರಕ್ಕೂ ಮೇಲ್ಪಟ್ಟ ಸಹಲೇಖಕರು. ಸಹಲೇಖಕರಲ್ಲಿ ಎಷ್ಟೋ ಮಂದಿ ತಮಗೆ ಬಂದ ಕಲ್ಲಿನ ತುಂಡನ್ನು ನೋಡಿದ್ದರೇ ಹೊರತು ಅದು ಸಿಕ್ಕ ಬೆಟ್ಟವನ್ನು ನೋಡಿರಲಿಲ್ಲ. ಇಲ್ಲಿ ಕಲ್ಲೇ ತಾಮ್ರಪಟದಂತಾಯಿತು. ಎಲ್ಲಿಯದೆಂದು ಹೇಳುವವನು ಅದರ ಒಡೆಯ ಮಾತ್ರ! ನಿವೃತ್ತ ನ್ಯಾಯಮೂರ್ತಿಗಳ ವಿಚಾರಣೆ ನಡೆದು ತಪ್ಪು ಸಿದ್ಧವಾಯಿತು. ಆದರೂ ಪ್ರಾಧ್ಯಾಪಕರು ಕೆಲಸದಲ್ಲಿ ಮುಂದುವರಿದು 2002ರಲ್ಲಿ ಎಲ್ಲರಂತೆ ನಿವೃತ್ತರಾದರು. ಅದಕ್ಕಿಂತಲೂ ದೊಡ್ಡ ಕಷ್ಟ, ಹಿಮಾಲಯದ ಭೂಚರಿತ್ರೆಯಲ್ಲಿ ಸೇರಿಹೋದ ಆ ನೂರಾರು ಲೇಖನಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲವೆಂದು ವಿಂಗಡಿಸುವುದು. ಒಬ್ಬರನ್ನು ಶಿಕ್ಷಿಸಬೇಕೇ ಬೇಡವೇ ಎಂಬುದರಲ್ಲಿ ವರ್ಷಗಳು ಕಳೆದುವು.

ಇಷ್ಟು ದೊಡ್ಡದಲ್ಲದ ಒಂದು ಸಂಗತಿಯನ್ನು ನಾನೇ ಬಲ್ಲೆ. ಸೇವೆಯಲ್ಲಿದ್ದಾಗ, ಊರು ಹೆಸರು ಬೇಡ, ಒಂದು ವಿದ್ಯಾಸಂಸ್ಥೆಯಲ್ಲಿ ಸಂಶೋಧನ ವಿದ್ಯಾರ್ಥಿನಿಯೊಬ್ಬಳು, ತಾನು ಹಳ್ಳಿಹಳ್ಳಿ ತಿರುಗಿ ಬರೆದುಕೊಂಡ ಹಾಡುಗಳು ಇನ್ನೊಬ್ಬರ ಪುಸ್ತಕದಲ್ಲಿ ಬಂದಿವೆಯೆಂದು ಅರ್ಜಿ ಕೊಟ್ಟಳು. ಮೊದಲ ಸಭೆಯಲ್ಲಿ ಆಕೆಗೆ ಕೇಳಿದ ಪ್ರಶ್ನೆ, ‘ಇದನ್ನು ನಿನಗೆ ಬರೆದುಕೊಟ್ಟವರು ಯಾರಮ್ಮ?’ ಎರಡನೆಯ ಸಭೆಯಲ್ಲಿ ಹಿರಿಯರೊಬ್ಬರು ರಾಜಿಯಾಗೆಂದರು. ಮೂರನೆಯದು ಮುಂದಕ್ಕೆ ಹೋಯಿತು. ಆಕೆಯ ಕೈಬರಹದ ನೋಟುಪುಸ್ತಕಗಳು ಆಪಾದಿತರ ವಿಭಾಗದ ಬೀರುವಿನಲ್ಲಿಯೇ ಇದ್ದುವು. ಕೇಳಿದಾಗ, ಬೀರುವಿಗೆ ಬಣ್ಣ ಹಚ್ಚುವಾಗ ಎಲ್ಲಿಯೋ ಇಟ್ಟಿದೆ ಎಂಬ ಉತ್ತರ ಬಂತು. ಅರ್ಜಿ ಬಂದ ದಿನವೇ ಆ ಪುಸ್ತಕಗಳನ್ನು ತೆಗೆದು ಮೊಹರು ಮಾಡಿ ಇಡಬೇಕೆಂಬ ಯೋಚನೆ ಅಲ್ಲಿದ್ದ ಯಾರಿಗೂ ಬರಲಿಲ್ಲ. ಆಕೆ ಈಗ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಾಳೆ, ಸಂಶೋಧನೆಯ ಮಾತೆತ್ತುವುದಿಲ್ಲ.

2018ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಕೃತಿಚೌರ್ಯ ತಡೆಗೆ ನಿಯಮಾವಳಿ ಹೊರಡಿಸಿತು. ದೂರು ಬಂದ 45 ದಿನಗಳಲ್ಲಿ ವಿಭಾಗದ ಸಮಿತಿ ವರದಿ ಕೊಡಬೇಕು. ಹೊರಗಿನ ವಿಭಾಗದ ಒಬ್ಬರು ಅದರಲ್ಲಿರಬೇಕು. ಆಪಾದಿತನೇ ಸದಸ್ಯನಾಗಿದ್ದರೆ ಸಭೆಯಿಂದ ಹೊರಗುಳಿಯಬೇಕು. ಒಳ್ಳೆಯದೇ. ಆದರೆ ಸಮಿತಿಯ ಅಧ್ಯಕ್ಷರು ವಿಭಾಗದ ಮುಖ್ಯಸ್ಥರೇ. ರೈಸರ ಅಂಗಳ ಮತ್ತೆ ಬಂದಿತು. ಅಪರಾಧದ ಅಳತೆ ಶೇಕಡಾವಾರು ಹೋಲಿಕೆ: ಹತ್ತರವರೆಗೆ ಕ್ಷಮೆ, ಅರವತ್ತು ದಾಟಿದರೆ ನೋಂದಣಿ ರದ್ದು. ಮಡಿಕೇರಿಯ ತಗಡನ್ನು ಈ ಅಳತೆಗೆ ಕೊಟ್ಟರೆ ಅದು ನಿರ್ದೋಷಿಯಾಗಿ ಹೊರಬಂದೀತು. ಕದ್ದ ಮಾತನ್ನು ಯಂತ್ರ ಹಿಡಿಯುತ್ತದೆ. ಕಟ್ಟಿದ ಸಂಗತಿಯನ್ನು ಫ್ಲೀಟರಂಥವರು ಕೂತು ಓದಿಯೇ ಹಿಡಿಯಬೇಕು.

ನಮ್ಮ ಬೆಂಗಳೂರಿನಲ್ಲಿಯೇ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಿಂದ 2020ರ ಅಕ್ಟೋಬರಿನಲ್ಲಿ ಪ್ರಕಟವಾದ ಒಂದು ಲೇಖನದ ಚಿತ್ರಗಳ ಬಗ್ಗೆ ಓದುಗರು ಸಂದೇಹವೆತ್ತಿದರು. ಸಂಸ್ಥೆ ವಿಚಾರಣೆ ನಡೆಸಿ, ಒಂದು ವರ್ಷ ತುಂಬುವ ಮೊದಲೇ, 2021ರ ನಡುವಿನಲ್ಲಿ ಲೇಖನವನ್ನು ಹಿಂತೆಗೆಯಲಾಯಿತು. ದೋಷವನ್ನು ಒಬ್ಬರ ತಲೆಗೆ ಕಟ್ಟಿದ್ದು ಸರಿಯೇ ಎಂಬ ಚರ್ಚೆ ಆಮೇಲೆ ನಡೆಯಿತು, ಅದು ನಡೆಯಬೇಕಾದದ್ದೇ. ಆದರೂ ಆ ಲೇಖನವನ್ನು ಇಂದು ತೆರೆದವನಿಗೆ ‘ಹಿಂತೆಗೆಯಲಾಗಿದೆ’ ಎಂಬ ಮಾತು ಅಲ್ಲಿಯೇ ಕಾಣುತ್ತದೆ; ಹರ್ಷನ ತಗಡಿನಲ್ಲಿ ಕಂಡಂತೆ.

ಮಡಿಕೇರಿಯ ತಾಮ್ರಪಟಕ್ಕೆ ಆ ಭಾಗ್ಯ ಬರಲಿಲ್ಲ. ಕೆ. ವಿ. ರಮೇಶರು 1984ರಲ್ಲಿ ಗಂಗರ ಶಾಸನಗಳನ್ನೆಲ್ಲ ಒಂದು ಸಂಪುಟದಲ್ಲಿ ತಂದಾಗ ಕೃತ್ರಿಮವಾದುವನ್ನು ಬೇರೆಯಾಗಿಯೇ ಇರಿಸಿದರು. ಅಂದಿನಿಂದ ಬಲ್ಲವರಿಗೆ ಗೊಂದಲವಿಲ್ಲ. ಆದರೆ ಮೊದಲು ಅಚ್ಚಾದ ಪುಟದ ಪಕ್ಕದಲ್ಲಿ ಯಾರೂ ಒಂದು ಸಾಲನ್ನು ಸೇರಿಸಲಿಲ್ಲ. ಸ್ಪರ್ಧಾ ಪರೀಕ್ಷೆಗಳಿಗೆ ಓದುವ ಹುಡುಗರು ಮೊನ್ನೆ ಒಂದು ಪ್ರಶ್ನೋತ್ತರದ ಪುಸ್ತಕವನ್ನು ನನ್ನಲ್ಲಿಗೆ ತಂದಿದ್ದರು. ಮಡಿಕೇರಿ ತಾಮ್ರಪಟದ ಕಾಲವೇನು ಎಂಬ ಪ್ರಶ್ನೆಗೆ ಅದರಲ್ಲಿ ಕೊಟ್ಟಿದ್ದ ಸರಿಯುತ್ತರ, ಕ್ರಿ.ಶ. 466.